ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆ, ಮಾತ್ರೆ ಮಾತ್ರ ಬರೆಯುವುದಿಲ್ಲ: ನನ್ನ ಅನುಭವ

ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಯ ರಿಪೋರ್ಟ್ ಹಿಡಿದು ಯಾರಾದರೂ ಬಂದರೆ ನಾನು ಅದನ್ನು ಮೊದಲು ಓದುವುದಿಲ್ಲ. ಮೇಜಿನ ಮೇಲೆ ಮಗುಚಿ ಇಟ್ಟು ಕೇಳುತ್ತೇನೆ: "ಈ ಪರೀಕ್ಷೆ ಯಾಕೆ ಮಾಡಿಸಿದ್ರಿ?" ಮುಂದೆ ಮಾತ್ರೆ ಬೇಕೋ ಬೇಡವೋ ಅನ್ನುವುದು ಬಹುಪಾಲು ಈ ಉತ್ತರದಲ್ಲೇ ತೀರ್ಮಾನವಾಗುತ್ತದೆ.

ಐವತ್ತು ದಾಟಿದ ಒಬ್ಬ ಮಹಿಳೆಯ ಉತ್ತರ ಹೀಗಿತ್ತು: "ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಎಲ್ಲಾ ಟೆಸ್ಟ್ ಮಾಡಿಸಿ ಅಂದ್ರು." ಅವರಿಗೆ ಸಕ್ಕರೆ ಕಾಯಿಲೆ ಇತ್ತು. ರಿಪೋರ್ಟಿನಲ್ಲಿ ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ, ಒಂದು ಮಿಲಿಲೀಟರಿಗೆ 1,00,000ಕ್ಕಿಂತ ಜಾಸ್ತಿ. ಬೇರೆ ಕಡೆ ಆಗಲೇ ಎರಡು ಬಗೆಯ ಆಂಟಿಬಯೋಟಿಕ್ ನುಂಗಿ ಮುಗಿಸಿದ್ದರು. ಪ್ರತಿ ಸಲವೂ ಅದೇ ಬ್ಯಾಕ್ಟೀರಿಯಾ ವಾಪಸ್. ಕೊನೆಯ ರಿಪೋರ್ಟಿನಲ್ಲಿ ಔಷಧಿಗಳ ಪಟ್ಟಿಯ ಎದುರು "ರೆಸಿಸ್ಟೆಂಟ್" (ಈ ಔಷಧಿಗೆ ಬಗ್ಗುವುದಿಲ್ಲ) ಅನ್ನುವ ಸಾಲುಗಳು ಹೆಚ್ಚಾಗಿದ್ದವು. ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇತ್ತು.

ಒಂದೊಂದಾಗಿ ಕೇಳಿದೆ. ಮೂತ್ರ ಮಾಡುವಾಗ ಉರಿ? ಇಲ್ಲ. ಪದೇ ಪದೇ ಹೋಗಬೇಕು ಅನ್ನಿಸುವುದು, ತಡೆಯಲಾಗದ ಅವಸರ? ಇಲ್ಲ. ಕೆಳಹೊಟ್ಟೆ ನೋವು, ರಕ್ತ? ಇಲ್ಲ. ಚಳಿಜ್ವರ, ಪಕ್ಕೆಲುಬಿನ ಕೆಳಗೆ ಬೆನ್ನಿನಲ್ಲಿ ನೋವು? ಅದೂ ಇಲ್ಲ.

"ಮತ್ತೆ ಲಕ್ಷಗಟ್ಟಲೆ ಇದೆ ಅಂತ ಬರೆದಿದ್ದಾರಲ್ಲ ಡಾಕ್ಟ್ರೇ?"

"ಇದೆ. ಸುಮ್ನೆ ಇದೆ."

ಈ ಮಾತು ಯಾರಿಗೂ ಒಂದೇ ಸಲಕ್ಕೆ ಒಪ್ಪಿಗೆಯಾಗುವುದಿಲ್ಲ. ಹಾಗಾಗಿ ಆ ಒಂದು ಲಕ್ಷದ ಕಥೆಯನ್ನೇ ಹೇಳಿಬಿಡುತ್ತೇನೆ. 1950ರ ದಶಕದಲ್ಲಿ ಬಾಸ್ಟನ್ನಿನ ಎಡ್ವರ್ಡ್ ಕಾಸ್ ಎಂಬ ವೈದ್ಯ ಈ ಗೆರೆಯನ್ನು ರೂಢಿಗೆ ತಂದರು. ಮೂತ್ರ ಹೊರಗೆ ಬರುವಾಗ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿಗೆ ಬೀಳುತ್ತದೆ. ಸಿಕ್ಕಿದ್ದು ಹೊರಗಿನದೋ ಮೂತ್ರಚೀಲದ ಒಳಗಿನದೋ ಅಂತ ಬೇರ್ಪಡಿಸಲು ಒಂದು ಅಳತೆ ಬೇಕಿತ್ತು. ಅಂದರೆ ಆ ಅಂಕಿ ಹೇಳುವುದು "ಇದು ನಿಜವಾಗಿಯೂ ಒಳಗಿದೆ" ಅಂತ ಮಾತ್ರ. "ಇದು ಕಾಯಿಲೆ" ಅಂತ ಅದು ಎಂದೂ ಹೇಳಿಲ್ಲ. ಇನ್ನೊಂದು ವಿಷಯ. ತೊಂದರೆಯಿಲ್ಲದ ಮಹಿಳೆಯಲ್ಲಿ ಇದನ್ನು ಖಚಿತ ಅನ್ನಬೇಕಾದರೆ ಬೆನ್ನುಬೆನ್ನಿಗೆ ಕೊಟ್ಟ ಎರಡು ಸ್ಯಾಂಪಲ್‌ಗಳಲ್ಲಿ ಅದೇ ಬ್ಯಾಕ್ಟೀರಿಯಾ ಅಷ್ಟೇ ಪ್ರಮಾಣದಲ್ಲಿ ಸಿಗಬೇಕು. ಗಂಡಸರಲ್ಲಿ ಒಂದೇ ಸಾಕು, ಅವರ ಸ್ಯಾಂಪಲ್ ಅಷ್ಟು ಸುಲಭವಾಗಿ ಕೆಡುವುದಿಲ್ಲ.

ಲಕ್ಷಣವಿಲ್ಲದ ಈ ಸ್ಥಿತಿ ಅಪರೂಪವೇನಲ್ಲ. ಮುಟ್ಟು ನಿಲ್ಲದ ಆರೋಗ್ಯವಂತ ಮಹಿಳೆಯರಲ್ಲೇ ನೂರಕ್ಕೆ 1ರಿಂದ 5 ಜನರಲ್ಲಿ ಸಿಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಜಾಸ್ತಿ. ವೃದ್ಧಾಶ್ರಮಗಳಲ್ಲಿರುವ ಅಜ್ಜಿಯಂದಿರಲ್ಲಿ ನೂರಕ್ಕೆ 25ರಿಂದ 50. ಇವರೆಲ್ಲರಿಗೂ ಮಾತ್ರೆ ಕೊಟ್ಟರೆ ಏನಾಗುತ್ತದೆ ಅಂತ ನೋಡಿದವರೂ ಇದ್ದಾರೆ. ಸಕ್ಕರೆ ಕಾಯಿಲೆ ಇದ್ದ ಮಹಿಳೆಯರಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಚಿಕಿತ್ಸೆ ಪಡೆದವರಿಗೂ ಪಡೆಯದವರಿಗೂ ಮುಂದಿನ ಸೋಂಕುಗಳ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪದೇ ಪದೇ ಸೋಂಕಾಗುವ ಯುವತಿಯರ ಮೇಲೆ 2012ರಲ್ಲಿ ಬಂದ ಇಟಲಿಯ ಅಧ್ಯಯನ ಇನ್ನೂ ವಿಚಿತ್ರ: ಲಕ್ಷಣವಿಲ್ಲದಾಗ ಮಾತ್ರೆ ನುಂಗಿದವರಿಗೇ ಆಮೇಲೆ ಉರಿಮೂತ್ರ ಜಾಸ್ತಿಯಾಯಿತು. ಬಸ್ಸಿನಲ್ಲಿ ಸಾಧು ಪ್ರಯಾಣಿಕರು ಸೀಟು ಹಿಡಿದು ಕೂತಿದ್ದರೆ ಜಗಳಗಂಟರಿಗೆ ಜಾಗ ಸಿಗುವುದಿಲ್ಲ, ಅಲ್ವಾ? ಸಾಧುಗಳನ್ನು ಇಳಿಸಿದರೆ ಖಾಲಿ ಸೀಟಿಗೆ ಯಾರು ಬರುತ್ತಾರೋ ಹೇಳಲಾಗದು. ಇದು ಬರೀ ಊಹೆಯಲ್ಲ. ಸ್ವೀಡನ್ನಿನಲ್ಲಿ ಏನೂ ತೊಂದರೆಯಿಲ್ಲದೆ ಇ. ಕೋಲಿ ಹೊತ್ತುಕೊಂಡಿದ್ದ ಹುಡುಗಿಯೊಬ್ಬಳಿಂದ ತೆಗೆದ ತಳಿಯನ್ನು ಸಂಶೋಧಕರು ಬೇಕೆಂದೇ ಕೆಲವು ರೋಗಿಗಳ ಮೂತ್ರಚೀಲಕ್ಕೆ ಬಿಟ್ಟು, ಅದು ಸೋಂಕನ್ನು ದೂರ ಇಡುತ್ತದೆಯೇ ಅಂತ ಪರೀಕ್ಷಿಸಿದ್ದಾರೆ.

ಆ ಮಹಿಳೆಗೆ ನಾನು ಮಾತ್ರೆ ಬರೆಯಲಿಲ್ಲ. ಕಣ್ಣಿನ ಡಾಕ್ಟರಿಗೆ ಒಂದು ಚೀಟಿ ಬರೆದೆ, ಆಪರೇಷನ್ ಆಯಿತು.

ಇನ್ನು ಜನ ಹೆದರುವುದು "ಪಸ್ ಸೆಲ್ಸ್" ಅನ್ನುವ ಸಾಲಿಗೆ. ಕೀವು ಅಂದ ಕೂಡಲೇ ಒಳಗೆ ಹುಣ್ಣಾಗಿದೆ ಅಂದುಕೊಳ್ಳುತ್ತಾರೆ. ಅವು ಬಿಳಿ ರಕ್ತಕಣಗಳು ಅಷ್ಟೇ. ಲಕ್ಷಣವಿಲ್ಲದವರಲ್ಲೂ ಬ್ಯಾಕ್ಟೀರಿಯಾ ಜೊತೆ ಅವು ಇರುವುದು ಮಾಮೂಲಿ. ಅವುಗಳ ಸಂಖ್ಯೆ ನೋಡಿ ಮಾತ್ರೆ ಶುರು ಮಾಡುವುದಿಲ್ಲ. ಮೂತ್ರದ ವಾಸನೆ, ಮಬ್ಬು ಬಣ್ಣ ಇವಕ್ಕೂ ಅದೇ ಮಾತು. ನೀರು ಕಡಿಮೆ ಕುಡಿದರೂ ವಾಸನೆ ಬರುತ್ತದೆ.

ಸ್ಯಾಂಪಲ್ ಬಗ್ಗೆ ನಾನು ಸ್ವಲ್ಪ ಹಠಮಾರಿ. ಬಾಟಲಿ ಕೊಟ್ಟು "ಹಿಡಿದು ತನ್ನಿ" ಅಂದರೆ ಸಾಲದು. ಮೊದಲು ಬರುವ ಮೂತ್ರ ಬಿಟ್ಟುಬಿಡಿ, ಅದು ದಾರಿಯನ್ನು ತೊಳೆಯಲಿ. ಹರಿವು ನಿಲ್ಲಿಸದೆ ನಡುವಿನದನ್ನು ಹಿಡಿಯಿರಿ. ಬಾಟಲಿಯ ಅಂಚು, ಮುಚ್ಚಳದ ಒಳಭಾಗ ಎರಡನ್ನೂ ಮುಟ್ಟಬೇಡಿ. ಎರಡು ಗಂಟೆಯೊಳಗೆ ಲ್ಯಾಬಿಗೆ ಹೋಗಲಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಅನುಕೂಲ ಸಿಕ್ಕರೆ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಬೆಚ್ಚಗಿನ ಮೂಲೆಯಲ್ಲಿ ಅರ್ಧ ದಿನ ಬಿದ್ದಿದ್ದ ಬಾಟಲಿಯಲ್ಲಿ ಲಕ್ಷ ಸಿಗುವುದು ದೊಡ್ಡ ವಿಷಯವಲ್ಲ. ರಿಪೋರ್ಟಿನಲ್ಲಿ ಮೂರ್ನಾಲ್ಕು ಬಗೆಯ ಬ್ಯಾಕ್ಟೀರಿಯಾ ಬಂದಿದ್ದರೆ, ಜೊತೆಗೆ ಎಪಿಥೀಲಿಯಲ್ ಕೋಶಗಳೂ (ಚರ್ಮದ ಮೇಲ್ಪದರದಿಂದ ಉದುರುವವು) ತುಂಬಿದ್ದರೆ, ಸ್ಯಾಂಪಲ್ ಕೆಟ್ಟಿದೆ ಅಂತಲೇ ಮೊದಲು ಅನುಮಾನಿಸುತ್ತೇನೆ.

ಆದರೆ ಗರ್ಭಿಣಿ ಬಂದರೆ ನನ್ನ ಇಡೀ ವಾದ ತಿರುವುಮುರುವಾಗುತ್ತದೆ. ಉರಿ ಇಲ್ಲದಿದ್ದರೂ, ಜ್ವರ ಇಲ್ಲದಿದ್ದರೂ, ಗರ್ಭದ ಮೊದಲ ತಿಂಗಳುಗಳಲ್ಲಿ ಒಮ್ಮೆ ಕಲ್ಚರ್ ಮಾಡಿಸುತ್ತೇನೆ. ಬ್ಯಾಕ್ಟೀರಿಯಾ ಸಿಕ್ಕರೆ ಚಿಕಿತ್ಸೆ ಕೊಡುತ್ತೇನೆ. ಹಾರ್ಮೋನುಗಳಿಂದ ಕಿಡ್ನಿಯ ನಾಳಗಳು ಸಡಿಲವಾಗಿರುತ್ತವೆ, ಬೆಳೆಯುವ ಗರ್ಭಕೋಶ ಅವನ್ನು ಒತ್ತುತ್ತದೆ, ಮೂತ್ರ ನಿಧಾನವಾಗುತ್ತದೆ. ಕೆಳಗೆ ಸುಮ್ಮನಿದ್ದದ್ದು ಮೇಲೆ ಹತ್ತಿ ಕಿಡ್ನಿಗೆ ಸೋಂಕು ಮಾಡುವ ಸಾಧ್ಯತೆ ಆಗ ಬಹಳ ಹೆಚ್ಚು. ತಾಯಿಗೂ ಮಗುವಿಗೂ ಅದು ಒಳ್ಳೆಯದಲ್ಲ. ಗರ್ಭಿಣಿಯರಿಗೆ ಹೊಂದುವ ಔಷಧಿಯನ್ನೇ ಆರಿಸಿ 4ರಿಂದ 7 ದಿನ ಕೊಡುತ್ತೇನೆ. ಇನ್ನೊಂದು ಅಪವಾದ, ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಚೀಲದ ಕೆಳಗಿರುವ ಗ್ರಂಥಿ) ಕೆರೆಯುವುದು, ಒಳಗಿನಿಂದ ಕಲ್ಲು ಒಡೆಯುವುದು ಇಂಥ, ಮೂತ್ರದ ದಾರಿಯಲ್ಲೇ ಗಾಯವಾಗುವ ಆಪರೇಷನ್‌ಗಳು. ಅಲ್ಲಿ ಮುಂಚಿತವಾಗಿ ಕಲ್ಚರ್ ನೋಡಿ ಆಂಟಿಬಯೋಟಿಕ್ ಕೊಟ್ಟೇ ಒಳಗೆ ಹೋಗಬೇಕು.

ನಿಜವಾದ ಉರಿಮೂತ್ರದ ಸೋಂಕು ಗುರುತಿಸುವುದು ಇದಕ್ಕಿಂತ ಸುಲಭ. ಮಹಿಳೆಯೊಬ್ಬರು "ನಿನ್ನೆಯಿಂದ ಉರಿ, ಹತ್ತು ನಿಮಿಷಕ್ಕೊಮ್ಮೆ ಹೋಗಬೇಕು, ಬರುವುದು ನಾಲ್ಕೇ ಹನಿ" ಅಂದರೆ, ಬಿಳಿಸೆರಗು, ತುರಿಕೆ ಇಲ್ಲ ಅಂದರೆ, ಅದು ಮೂತ್ರಚೀಲದ ಸೋಂಕೇ ಆಗಿರುವ ಸಾಧ್ಯತೆ ನೂರಕ್ಕೆ ತೊಂಬತ್ತರಷ್ಟು. ಮಹಿಳೆಯರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್, ಬ್ಯಾಕ್ಟೀರಿಯಾಗೆ ದಾರಿ ಬಹಳ ಹತ್ತಿರ. ಮೊದಲ ಸಲವಾದರೆ ಕಲ್ಚರ್‌ಗೂ ಕಾಯುವುದಿಲ್ಲ. ಕಿಡ್ನಿ ಸರಿಯಿದ್ದರೆ ನೈಟ್ರೊಫ್ಯುರಾಂಟೊಯಿನ್ 5 ದಿನ, ಇಲ್ಲವೇ ಫಾಸ್ಫೊಮೈಸಿನ್ ಒಂದೇ ಡೋಸ್. ಉರಿ ಹೋಯಿತಾ? ಅಲ್ಲಿಗೆ ಮುಗಿಯಿತು. "ಪೂರ್ತಿ ಹೋಗಿದೆಯಾ ನೋಡೋಣ" ಅಂತ ಮತ್ತೆ ಕಲ್ಚರ್ ಮಾಡಿಸಬೇಡಿ ಅಂತ ಒತ್ತಿ ಹೇಳುತ್ತೇನೆ. ಲಕ್ಷಣವಿಲ್ಲದ ಬ್ಯಾಕ್ಟೀರಿಯಾ ಹಿಂದೆ ಓಡುವ ಕೆಲಸ ಬಹಳ ಸಲ ಈ ಬೇಡದ ಪರೀಕ್ಷೆಯಿಂದಲೇ ಶುರುವಾಗುತ್ತದೆ.

ಆರು ತಿಂಗಳಲ್ಲಿ ಎರಡು, ಅಥವಾ ವರ್ಷಕ್ಕೆ ಮೂರು ಸಲ ಬಂದರೆ ಮಾತ್ರ ಬೇರೆ ಲೆಕ್ಕ. ಆಗ ಪ್ರತಿ ಸಲ ಲಕ್ಷಣ ಇರುವಾಗಲೇ, ಔಷಧಿಗೆ ಮುಂಚೆ, ಕಲ್ಚರ್ ತೆಗೆಸುತ್ತೇನೆ. ನೀರು ಕಡಿಮೆ ಕುಡಿಯುವವರಾದರೆ ದಿನಕ್ಕೆ ಒಂದೂವರೆ ಲೀಟರ್ ಜಾಸ್ತಿ ಕುಡಿಯಿರಿ ಅನ್ನುತ್ತೇನೆ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಷ್ಟರಿಂದಲೇ ವರ್ಷದ ಸೋಂಕುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಮುಟ್ಟು ನಿಂತವರಿಗೆ ಯೋನಿಯೊಳಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಒಳ್ಳೆಯ ಕೆಲಸ ಮಾಡುತ್ತದೆ. ಅದನ್ನು ಬಳಸಲು ಮುಜುಗರಪಡುವವರೇ ಜಾಸ್ತಿ, ಆದರೂ ಬಿಡದೆ ವಿವರಿಸುತ್ತೇನೆ.

ಗಂಡಸರಿಗೆ ಉರಿ ಬಂದರೆ ನಾನು ಇಷ್ಟು ನಿರಾಳವಾಗಿರುವುದಿಲ್ಲ. ಅವರ ಮೂತ್ರನಾಳ ಸುಮಾರು 20 ಸೆಂಟಿಮೀಟರ್. ಅಷ್ಟು ದೂರ ಹತ್ತಿ ಸೋಂಕಾಗಿದೆ ಅಂದರೆ ಕಾರಣ ಹುಡುಕಬೇಕು. ಔಷಧಿಗೆ ಮುಂಚೆ ಕಲ್ಚರ್ ಕಡ್ಡಾಯ. ಧಾರೆ ಹೇಗಿದೆ, ಶುರುವಾಗಲು ಎಷ್ಟು ಹೊತ್ತು, ಮುಗಿದ ಮೇಲೂ ಉಳಿದ ಹಾಗಿದೆಯಾ, ರಾತ್ರಿ ಎಷ್ಟು ಸಲ ಎದ್ದೇಳುತ್ತೀರಿ? ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಕೇಳಿದರೆ ಉತ್ತರಗಳೇ ಬೇರೆ. ವಯಸ್ಸಿನ ಹುಡುಗರಾದರೆ ಲೈಂಗಿಕ ಸಂಪರ್ಕದ ಬಗ್ಗೆಯೂ ಕೇಳಲೇಬೇಕು. ಲೈಂಗಿಕವಾಗಿ ಹರಡುವ ಕ್ಲಮೈಡಿಯಾ, ಗೊನೊರಿಯಾ ಮಾಮೂಲಿ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ, ಉರಿ ಇದ್ದೂ ರಿಪೋರ್ಟ್ ಖಾಲಿ ಬರುತ್ತದೆ. ಜ್ವರ, ನಡುಕ, ಗುದ ಮತ್ತು ವೃಷಣಗಳ ನಡುವೆ ನೋವು ಇದ್ದರೆ ಅದು ಪ್ರಾಸ್ಟೇಟ್ ಸೋಂಕು. ಅಲ್ಲಿಗೆ ನೈಟ್ರೊಫ್ಯುರಾಂಟೊಯಿನ್ ಸರಿಯಾಗಿ ತಲುಪುವುದಿಲ್ಲ. ಬೇರೆ ಔಷಧಿಯನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ಜ್ವರವಿಲ್ಲದ ಗಂಡಸರಿಗೆ 7 ದಿನ ಸಾಕು. ಏನೂ ತೊಂದರೆಯಿಲ್ಲದೆ ರಿಪೋರ್ಟಿನಲ್ಲಿ ಮಾತ್ರ ಬ್ಯಾಕ್ಟೀರಿಯಾ ಇರುವ ತಾತನಿಗೆ ಅಜ್ಜಿಯ ನಿಯಮವೇ.

ಅತಿ ಕಷ್ಟದ ಮಾತುಕತೆ ನಡೆಯುವುದು ವಯಸ್ಸಾದವರ ಮಕ್ಕಳ ಜೊತೆ. "ಅಮ್ಮ ನಿನ್ನೆಯಿಂದ ಏನೇನೋ ಮಾತಾಡ್ತಿದಾರೆ, ಯೂರಿನ್ ಇನ್ಫೆಕ್ಷನ್ ಇರಬೇಕು." ಕಲ್ಚರ್ ಮಾಡಿದರೆ ಏನೋ ಒಂದು ಸಿಕ್ಕೇ ಸಿಗುತ್ತದೆ, ಎಲ್ಲರ ಕಣ್ಣೂ ಅದರ ಮೇಲೆ ನೆಟ್ಟು ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ನಾನು ಮೊದಲು ಜ್ವರ, ಬಿ.ಪಿ., ಉಸಿರು ನೋಡುತ್ತೇನೆ. ಜ್ವರ ಇದ್ದು ಬಿ.ಪಿ. ಇಳಿದಿದ್ದರೆ ತಡಮಾಡದೆ ಚಿಕಿತ್ಸೆ. ಅವು ಸರಿಯಿದ್ದರೆ ಸೋಡಿಯಂ, ಸಕ್ಕರೆ, ಮಲಬದ್ಧತೆ, ಮೂತ್ರ ಕಟ್ಟಿಕೊಂಡಿದೆಯೇ, ಹೊಸದಾಗಿ ಶುರುವಾದ ನಿದ್ರೆ ಮಾತ್ರೆ ಅಥವಾ ನೆಗಡಿ ಮಾತ್ರೆ ಇದೆಯೇ, ಎಲ್ಲಾದರೂ ಬಿದ್ದಿದ್ದಾರೆಯೇ ಅಂತ ಹುಡುಕುತ್ತೇನೆ. ನೀರು ಕುಡಿಸಿ, ಒಂದೆರಡು ದಿನ ಹತ್ತಿರದಿಂದ ಗಮನಿಸುತ್ತೇನೆ.

ಕ್ಯಾತಿಟರ್ (ಮೂತ್ರಚೀಲದಿಂದ ಮೂತ್ರ ಹೊರತರುವ ಕೊಳವೆ) ಹಾಕಿಕೊಂಡವರ ವಿಷಯ ಬೇಗ ಹೇಳಿಬಿಡುತ್ತೇನೆ. ತಿಂಗಳುಗಟ್ಟಲೆ ಇದ್ದರೆ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುತ್ತದೆ, ಹಾಗಾಗಿ ಸುಮ್ಮನೆ ಕಲ್ಚರ್ ಕಳಿಸುವುದಿಲ್ಲ. ಜ್ವರ ಬಂದರೆ ಹಳೆಯದನ್ನು ತೆಗೆದು ಹೊಸ ಕ್ಯಾತಿಟರ್ ಹಾಕಿ, ಅದರಿಂದಲೇ ಸ್ಯಾಂಪಲ್ ತೆಗೆಸುತ್ತೇನೆ. ಚೀಲದಲ್ಲಿ ನಿಂತ ಮೂತ್ರವಂತೂ ಬೇಡವೇ ಬೇಡ.

ಮಾತ್ರೆ ಬರೆಯದೆ ಕಳಿಸುವಾಗ ಚೀಟಿ ಖಾಲಿ ಬಿಡುವುದಿಲ್ಲ. ಬಿಟ್ಟರೆ ಮುಂದಿನ ಡಾಕ್ಟರು ರಿಪೋರ್ಟ್ ನೋಡಿ ಶುರು ಮಾಡಿಬಿಡುತ್ತಾರೆ. "ಲಕ್ಷಣ ಇಲ್ಲ, ಗರ್ಭಿಣಿ ಅಲ್ಲ, ಚಿಕಿತ್ಸೆ ಬೇಡ, ಮರು ಕಲ್ಚರ್ ಬೇಡ" ಅಂತ ಸ್ಪಷ್ಟವಾಗಿ ಬರೆಯುತ್ತೇನೆ. ಅದರ ಕೆಳಗೆ, ಉರಿ ಶುರುವಾದರೆ ಬನ್ನಿ, ಚಳಿಜ್ವರ, ಬೆನ್ನಿನ ಒಂದು ಬದಿ ನೋವು, ವಾಂತಿ ಇದ್ದರೆ ಅದೇ ದಿನ ಬನ್ನಿ ಅಂತ.