ಮೇ 1, ಜನವರಿ 5 ಆದ ಕಥೆ

2021ರ ಜೂನ್ ಮೊದಲ ವಾರ. ಕೋವಿಡ್‌ನ ಎರಡನೇ ಅಲೆ ಇಳಿಯುತ್ತಿತ್ತು. ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ಎರಡು ತಿಂಗಳ ನಂತರ ಎಲ್ಲರೂ ಒಟ್ಟಿಗೆ ಕೂತು ಬಿಸಿ ಊಟ ಮಾಡಿದ ದಿನ ಅದು. ಕೈ ತೊಳೆದು ಬಂದು ಕಂಪ್ಯೂಟರ್ ತೆರೆದರೆ, ಹೊರದೇಶದ ಸಂಶೋಧಕರೊಬ್ಬರ ಇಮೇಲ್ ಬಂದಿತ್ತು. ನಾಲ್ಕೇ ಸಾಲು. ನಾವು ಗಿಸೈಡ್‌ಗೆ ಹಾಕಿದ್ದ ಕೆಲವು ಸೀಕ್ವೆನ್ಸ್‌ಗಳು (ವೈರಸ್ಸಿನ ಜಿನೋಮನ್ನು ಅಕ್ಷರ ಅಕ್ಷರವಾಗಿ ಓದಿ ಬರೆದದ್ದು) ಡೆಲ್ಟಾ ತಳಿ ಅಂತ ಕಾಣುತ್ತಿವೆ, ಆದರೆ ಒಂದರ ಸ್ಯಾಂಪಲ್ ತೆಗೆದ ದಿನ ಜನವರಿ 5 ಅಂತಿದೆ. ಅಷ್ಟು ಮುಂಚೆ ಇಷ್ಟೊಂದು ಮ್ಯುಟೇಶನ್, ಅಂದರೆ ಬದಲಾವಣೆ, ಇರುವುದು ಕಷ್ಟ. ತಾರೀಖನ್ನು ಒಮ್ಮೆ ನೋಡುತ್ತೀರಾ ಅಂತ ಕೇಳಿದ್ದರು.

ಗಿಸೈಡ್ ಅನ್ನುವುದು ವೈರಸ್ಸಿನ ಸೀಕ್ವೆನ್ಸ್‌ಗಳನ್ನು ಜಗತ್ತಿನ ಲ್ಯಾಬುಗಳೆಲ್ಲ ತಂದು ಹಾಕುವ ಒಂದು ದೊಡ್ಡ ಕಣಜ. ಅಲ್ಲಿ ಬರೀ ಅಕ್ಷರಗಳ ಸರ ಹಾಕಿದರೆ ಸಾಲದು. ಸ್ಯಾಂಪಲ್ ಯಾವ ದಿನದ್ದು, ಯಾವ ಊರಿನದ್ದು ಅಂತ ಒಂದು ಶೀಟ್ ತುಂಬಬೇಕು. ನಾನು ಆ ಶೀಟ್ ತೆರೆದೆ. ಜನವರಿ 5. ಫೆಬ್ರವರಿ 5. ಮಾರ್ಚ್ 5. ಏಪ್ರಿಲ್ 5. ಎಲ್ಲವೂ 5ನೇ ತಾರೀಖೇ.

ಪಕ್ಕದಲ್ಲಿ ನಿಂತಿದ್ದ ಹುಡುಗ ಮೆಲ್ಲಗೆ ಹೇಳಿದ, "ಮೇಡಂ, ಇದು ಮೇ 1, 2, 3, 4 ಅಲ್ವಾ?"

ಹೌದು. ನಾವು ದಿನ ಮೊದಲು, ತಿಂಗಳು ಆಮೇಲೆ ಬರೆಯುವವರು. ಮೇ 1 ಅಂದರೆ ನಮಗೆ 01-05. ಆ ಕಂಪ್ಯೂಟರಿನ ಸೆಟ್ಟಿಂಗ್ ತಿಂಗಳು ಮೊದಲು ಅಂತಿತ್ತು. ಅದು ತನ್ನ ಪಾಡಿಗೆ ತಿರುಗಿಸಿ ಓದಿಕೊಂಡಿತ್ತು. ನಾವ್ಯಾರೂ ಗಮನಿಸಿರಲಿಲ್ಲ.

ಸಣ್ಣ ತಪ್ಪು ಅನಿಸಬಹುದು. ಆದರೆ ಈ ವೈರಸ್ಸಿನಲ್ಲಿ ತಿಂಗಳಿಗೆ ಸುಮಾರು ಎರಡು ಬದಲಾವಣೆ ಉಳಿದುಕೊಳ್ಳುತ್ತವೆ. ಆ ಲೆಕ್ಕ ಹಿಡಿದೇ ಒಂದು ತಳಿ ಯಾವಾಗ ಹುಟ್ಟಿತು, ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಜಗತ್ತು ಅಂದಾಜು ಮಾಡುವುದು. ಬೆಂಗಳೂರಿನಲ್ಲಿ ಜನವರಿ ಮೊದಲ ವಾರದಲ್ಲೇ ಡೆಲ್ಟಾ ಇತ್ತು ಅನ್ನುವ ಸುಳ್ಳನ್ನು ನಾವೇ ನಮ್ಮ ಕೈಯಾರೆ ಹಾಕಿಬಿಟ್ಟಿದ್ದೆವು. ಅದನ್ನು ನಂಬಿ ಎಷ್ಟು ಜನ ಲೆಕ್ಕ ಹಾಕುತ್ತಿದ್ದರೋ!

ತಿಂಗಳು ದಿನ ಅದಲು ಬದಲು ಮಾಡಿ ಕೈ ತೊಳೆದುಕೊಳ್ಳಬಹುದಿತ್ತು. ನನಗೆ ಧೈರ್ಯ ಬರಲಿಲ್ಲ. ಒಂದೊಂದು ಸ್ಯಾಂಪಲಿನ ಎಸ್‌ಆರ್‌ಎಫ್ ಐಡಿ (ಸ್ಯಾಂಪಲ್ ಜೊತೆ ಬರುವ ಫಾರಂನ ಸಂಖ್ಯೆ) ಹಿಡಿದು ಮೂಲ ಫಾರಂ ಹುಡುಕಿದೆವು. ಸ್ವಾಬ್ ತೆಗೆದ ದಿನ, ಲ್ಯಾಬಿಗೆ ಬಂದ ದಿನ ಎರಡನ್ನೂ ಬೇರೆ ಮಾಡಿದೆವು. ಎರಡು ದಿನ ಹಿಡಿಯಿತು. ತಿದ್ದಿ ಕಳಿಸಿ ಆ ಸಂಶೋಧಕರಿಗೆ ಮೇಲ್ ಮಾಡಿದೆ. "ಧನ್ಯವಾದ, ಈಗ ಸರಿಹೋಯಿತು" ಅಂತ ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅವರಿಗೆ ಅದು ನಡುರಾತ್ರಿ.

ಕೋವಿಡ್‌ಗೆ ಮುಂಚೆ ನಮ್ಮದು ಟಿಬಿ, ಡೆಂಗಿ, ಎಚ್‌ಐವಿ ಪರೀಕ್ಷೆಗಳ ಲ್ಯಾಬ್. ದೇಶದೇಶಗಳ ಸಹಕಾರ ಅಂದರೆ ದೊಡ್ಡವರು ಸಭೆ ಸೇರಿ ಸಹಿ ಹಾಕುವುದು ಅಂದುಕೊಂಡಿದ್ದೆ. 2020ರ ಜನವರಿ ಆ ತಿಳಿವಳಿಕೆಯನ್ನು ಬದಲಾಯಿಸಿತು. ಶಾಂಘೈನ ಝಾಂಗ್ ಯಾಂಗ್‌ಝೆನ್ ಅವರ ತಂಡ ಓದಿದ್ದ ಈ ಹೊಸ ವೈರಸ್ಸಿನ ಸೀಕ್ವೆನ್ಸನ್ನು, ಸಿಡ್ನಿಯ ವಿಜ್ಞಾನಿ ಎಡ್ವರ್ಡ್ ಹೋಮ್ಸ್ ಅವರ ಮೂಲಕ, ಆ ತಿಂಗಳ ಎರಡನೇ ವಾರ ಎಲ್ಲರಿಗೂ ಕಾಣುವಂತೆ ಹಾಕಿದರು. ಬರ್ಲಿನ್‌ನ ಕ್ರಿಸ್ಟಿಯನ್ ಡ್ರೋಸ್ಟೆನ್ ತಂಡದ, ವೈರಸ್ಸಿನ ಜೀನಿನ ತುಣುಕನ್ನು ಮತ್ತೆ ಮತ್ತೆ ನಕಲು ಮಾಡಿ ಪತ್ತೆ ಹಚ್ಚುವ ಪಿಸಿಆರ್ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ ಜನವರಿ 13ಕ್ಕೇ ಪ್ರಕಟಿಸಿತು. ನಮ್ಮ ದೇಶದ ಮೊದಲ ಸೋಂಕು ಕೇರಳದ ತ್ರಿಶ್ಶೂರಿನಲ್ಲಿ ಪತ್ತೆಯಾಗಿದ್ದು ಜನವರಿ 30ಕ್ಕೆ. ಅಂದರೆ ರೋಗ ನಮ್ಮಲ್ಲಿ ಕಾಣಿಸಿಕೊಳ್ಳುವ ಮುಂಚೆಯೇ ಅದನ್ನು ಹಿಡಿಯುವ ದಾರಿ ಬಂದಿತ್ತು. ಆ ಪ್ರಿಂಟೌಟನ್ನು ಅಡುಗೆ ಚೀಟಿ ಓದಿದ ಹಾಗೆ ಓದಿದ್ದು ನೆನಪಿದೆ. ಯಾವ ಪ್ರೈಮರ್ (ನಕಲು ಶುರುವಾಗಬೇಕಾದ ಜಾಗಕ್ಕೆ ಹೋಗಿ ಕೂರುವ ಸಣ್ಣ ಡಿಎನ್ಎ ತುಣುಕು), 58 ಡಿಗ್ರಿಯಲ್ಲಿ ಎಷ್ಟು ಸೆಕೆಂಡ್, ಒಟ್ಟು 45 ಸೈಕಲ್. ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ.

ಸೀಕ್ವೆನ್ಸಿಂಗ್ ಕಲಿತಿದ್ದೂ ಹಾಗೆಯೇ. ವೈರಸ್ಸಿನ ಜಿನೋಮ್ ಸುಮಾರು 30 ಸಾವಿರ ಅಕ್ಷರದ್ದು. ಆರ್ಟಿಕ್ ಅನ್ನುವ ತಂಡ ಅದನ್ನು 400 ಅಕ್ಷರದ 98 ತುಂಡುಗಳಾಗಿ ಓದುವ ಪ್ರೈಮರ್‌ಗಳನ್ನು ಮಾಡಿ, ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟಿತ್ತು. 2021ರ ಮೇನಲ್ಲಿ ನಮಗೆ 72ನೇ ತುಂಡು ಸರಿಯಾಗಿ ಬರುತ್ತಲೇ ಇರಲಿಲ್ಲ. ದ್ರವ ಅಳೆದು ಹಾಕುವ ಪಿಪೆಟ್ ಬದಲಾಯಿಸಿದೆವು, ಪ್ರೈಮರ್ ಹೊಸದಾಗಿ ಕಲಸಿದೆವು, ಮೂರು ಸಲ ಮಾಡಿದೆವು. ಆಮೇಲೆ ನೋಡಿದರೆ ಬೇರೆ ದೇಶದ ಲ್ಯಾಬುಗಳಲ್ಲೂ ಅದೇ ಗೋಳು. ಡೆಲ್ಟಾ ಬದಲಾಗಿದ್ದು ಸರಿಯಾಗಿ ಆ ಪ್ರೈಮರ್ ಕೂರುವ ಜಾಗದಲ್ಲಿ. ಜೂನ್‌ನಲ್ಲಿ ಪ್ರೈಮರ್‌ಗಳ ಹೊಸ ಆವೃತ್ತಿ ಬಂತು, ತುಂಡೂ ಬಂತು. ಕಷ್ಟವನ್ನು ಯಾರೂ ಹೇಳಿಕೊಳ್ಳದೇ ಇದ್ದಿದ್ದರೆ ನಾವು ಇನ್ನೂ ಪಿಪೆಟ್ ಬೈಯುತ್ತಾ ಕೂತಿರುತ್ತಿದ್ದೆವು.

ಹಂಚಿಕೊಳ್ಳುವುದು ಸುಲಭ ಅಂತ ನಾನು ಹೇಳುತ್ತಿಲ್ಲ. ಹಕ್ಕಿಜ್ವರದ ಕಾಲದಲ್ಲಿ, 2007ರ ಹೊತ್ತಿಗೆ, ಇಂಡೋನೇಷ್ಯಾ ತನ್ನ ವೈರಸ್ ಸ್ಯಾಂಪಲ್‌ಗಳನ್ನು ಹೊರಗೆ ಕಳಿಸುವುದನ್ನೇ ನಿಲ್ಲಿಸಿತ್ತು. ನಮ್ಮ ಸ್ಯಾಂಪಲ್ ತೆಗೆದುಕೊಂಡು ಲಸಿಕೆ ಮಾಡುತ್ತೀರಿ, ಆ ಲಸಿಕೆ ನಮ್ಮ ಜನರ ಕೈಗೆ ಎಟುಕುವುದಿಲ್ಲ ಅನ್ನುವುದು ಅವರ ಮಾತು. ನ್ಯಾಯವಾದ ಮಾತು. ಗಿಸೈಡ್ 2008ರಲ್ಲಿ ಶುರುವಾಗಿದ್ದೂ ಈ ಅಪನಂಬಿಕೆಯ ನಡುವೆಯೇ. ಅದಕ್ಕೇ ಅಲ್ಲಿ ಡೇಟಾ ಬಳಸುವವರು ಕೊಟ್ಟ ಲ್ಯಾಬಿನ ಹೆಸರು ಹೇಳಲೇಬೇಕು. ಯಾವುದೋ ದೂರದ ಸಂಶೋಧನೆಯ ಕೊನೆಯ ಪಟ್ಟಿಯಲ್ಲಿ ನಮ್ಮ ಲ್ಯಾಬಿನ ಹೆಸರು ಮೊದಲ ಸಲ ಕಂಡಾಗ ಅದನ್ನು ಪ್ರಿಂಟ್ ತೆಗೆದು ಫ್ರೀಜರ್ ಬಾಗಿಲಿಗೆ ಅಂಟಿಸಿದ್ದೆವು.

ಓಮಿಕ್ರಾನ್ ಬಂದಾಗ ಈ ಗಾಯ ಮತ್ತೆ ಕೆರೆದಂತಾಯಿತು. 2021ರ ನವೆಂಬರ್ 24ಕ್ಕೆ ದಕ್ಷಿಣ ಆಫ್ರಿಕಾ ವಿಶ್ವ ಆರೋಗ್ಯ ಸಂಸ್ಥೆಗೆ ಹೊಸ ತಳಿಯ ಸುದ್ದಿ ಮುಟ್ಟಿಸಿತು. ಜೊತೆಗೆ ಒಂದು ಸುಳಿವನ್ನೂ ಕೊಟ್ಟರು. ಮೂರು ಜೀನ್ ನೋಡುವ ಒಂದು ಪಿಸಿಆರ್ ಕಿಟ್‌ನಲ್ಲಿ ಈ ತಳಿಯ ಎಸ್ ಜೀನ್ (ವೈರಸ್ಸಿನ ಮೈಮೇಲಿನ ಮುಳ್ಳನ್ನು ಮಾಡುವ ಜೀನ್) ಕಾಣುವುದಿಲ್ಲ, ಯಾಕೆಂದರೆ ಅಲ್ಲಿ ಆರು ಅಕ್ಷರ ಬಿಟ್ಟುಹೋಗಿವೆ. ಇಷ್ಟು ಉಪಕಾರ ಮಾಡಿದವರಿಗೆ ಸಿಕ್ಕಿದ್ದೇನು? ಎರಡು ಮೂರು ದಿನದಲ್ಲಿ ಎಷ್ಟೋ ದೇಶಗಳು ಅವರ ವಿಮಾನ ನಿಲ್ಲಿಸಿದವು. ಆಫ್ರಿಕಾದ ಬಹಳಷ್ಟು ಜನರಿಗೆ ಆಗ ಒಂದು ಡೋಸ್ ಲಸಿಕೆಯೂ ಸಿಕ್ಕಿರಲಿಲ್ಲ. ನನಗೆ ಇವತ್ತಿಗೂ ಇದು ನೋವಿನ ವಿಷಯ. ಮೊದಲು ಬಾಯಿ ಬಿಟ್ಟವರಿಗೇ ಬಾಗಿಲು ಹಾಕಿದರೆ ಮುಂದಿನ ಸಲ ಯಾರು ಹೇಳುತ್ತಾರೆ? 2025ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದೇಶಗಳು ಸಾಂಕ್ರಾಮಿಕಗಳ ಬಗ್ಗೆ ಒಪ್ಪಂದ ಮಾಡಿಕೊಂಡಾಗಲೂ, ಸ್ಯಾಂಪಲ್ ಕೊಟ್ಟವರಿಗೆ ಲಸಿಕೆ, ಔಷಧಿಯಲ್ಲಿ ಪಾಲು ಹೇಗೆ ಅನ್ನುವ ಭಾಗವನ್ನು ಆಮೇಲೆ ಮಾತಾಡೋಣ ಅಂತ ಬಾಕಿ ಇಟ್ಟರು. ನಾನು ಕಾಯುತ್ತಿದ್ದ ಭಾಗವೇ ಅದು.

2021ರ ಡಿಸೆಂಬರ್ 2ಕ್ಕೆ ನಮ್ಮ ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣ ಘೋಷಣೆಯಾದವು. ಎರಡೂ ಕರ್ನಾಟಕದವೇ. ಆ ತಿಂಗಳ ಕೊನೆಗೆ ಒಂದು ರಾತ್ರಿ ನಮ್ಮ ಮೆಷಿನ್ ಪರದೆಯಲ್ಲೂ ಅದು ಕಂಡಿತು. ಜೀನಿಗೊಂದರಂತೆ ಮೂರು ಗೆರೆ ಏಳಬೇಕಾದ ಕಡೆ ಎರಡೇ ಎದ್ದವು, ಮೂರನೆಯದು, ಎಸ್ ಜೀನಿನದು, ನೆಲ ಹಿಡಿದು ಮಲಗಿತ್ತು. ಸೀಕ್ವೆನ್ಸ್ ಮಾಡಿ ತಿಳಿಯಲು ನಮಗೆ ನಾಲ್ಕೈದು ದಿನ ಬೇಕು. ಅಂದು ಆ ರಾತ್ರಿಯೇ ಆರೋಗ್ಯ ಇಲಾಖೆಗೆ ಫೋನ್ ಮಾಡಿ, ಸಂಪರ್ಕಿತರನ್ನು ಬೇಗ ಹುಡುಕಿ ಅಂತ ಹೇಳಲು ಸಾಧ್ಯವಾಯಿತು. ಆ ನಾಲ್ಕೈದು ದಿನ ನಮಗೆ ದಕ್ಷಿಣ ಆಫ್ರಿಕಾದವರು ಕೊಟ್ಟಿದ್ದು.

ಜನವರಿಯಲ್ಲಿ ಇನ್ನೊಂದು ಆಯಿತು. ಕೆಲವು ಸ್ಯಾಂಪಲ್‌ಗಳಲ್ಲಿ ಮೂರೂ ಗೆರೆ ನೆಟ್ಟಗೆ ಎದ್ದವು. "ಇವು ಡೆಲ್ಟಾ ಬಿಡಿ ಮೇಡಂ" ಅಂದ ಅದೇ ಹುಡುಗ. ಸುಮ್ನೆ ಬಿಡಲು ಮನಸ್ಸು ಬರಲಿಲ್ಲ, ಸೀಕ್ವೆನ್ಸ್‌ಗೆ ಹಾಕಿದೆವು. ಬಂದಿದ್ದು ಓಮಿಕ್ರಾನ್‌ನದೇ ಇನ್ನೊಂದು ಕವಲು, ಬಿಎ.2. ಅದರಲ್ಲಿ ಆ ಆರು ಅಕ್ಷರ ಬಿಟ್ಟುಹೋಗಿರುವುದಿಲ್ಲ, ಹಾಗಾಗಿ ಎಸ್ ಜೀನಿನ ಸುಳಿವು ಕೆಲಸಕ್ಕೆ ಬರುವುದಿಲ್ಲ. ಆಗ ಅದು ಜಾಸ್ತಿ ಕಾಣುತ್ತಿದ್ದ ದೇಶಗಳಲ್ಲಿ ನಮ್ಮದೂ ಒಂದು, ಡೆನ್ಮಾರ್ಕ್ ಇನ್ನೊಂದು. ಬೇರೆಯವರಿಗೆ ತಿಳಿಸುವ ಸರದಿ ಈಗ ನಮ್ಮದು.

ಆ ರಾತ್ರಿಯೇ ಅಪ್‌ಲೋಡ್ ಮಾಡಲು ಕೂತೆವು. ಅವನು ರಿಜಿಸ್ಟರ್ ಹಿಡಿದು ಒಂದೊಂದೇ ತಾರೀಖು ಗಟ್ಟಿಯಾಗಿ ಓದಿದ. ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ನಾನು ಪರದೆಯ ಮೇಲೆ ಬೆರಳಿಟ್ಟು ಒಂದೊಂದಕ್ಕೂ "ಹೂಂ" ಅಂದೆ.