ಸ್ಕಾಟ್ಲೆಂಡಿನ ಸಣ್ಣ ಊರಿನ ಪಬ್ಬಿಗೆ ಹೊಸಬರಾಗಿ ಹೋದಾಗ

ಇಲ್ಲಿ ಎಲ್ಲವೂ ನಡೆಯುವುದು ಕೌಂಟರಿನಲ್ಲಿ. ಮೇಜಿಗೆ ಯಾರಾದರೂ ಬರಲಿ ಎಂದು ಕಾದು ಕೂತರೆ ಕೂತೇ ಇರಬೇಕಾಗುತ್ತದೆ. ಎದ್ದು ಹೋಗಿ ಕೇಳಬೇಕು, ದುಡ್ಡೂ ಆಗಲೇ ಕೊಡಬೇಕು. ಸಾಲು ಕಾಣದಿದ್ದರೂ ಸರದಿ ಇದ್ದೇ ಇರುತ್ತದೆ. ನೋಟು ಆಡಿಸುವುದು, ಕೂಗಿ ಕರೆಯುವುದು ಬೇಡ. ನಿಮ್ಮ ಸರದಿಗೆ ಮೊದಲೇ ನಿಮ್ಮನ್ನು ಕೇಳಿದರೆ ಪಕ್ಕದವರನ್ನು ತೋರಿಸಿ ‘ಅವರು ಮೊದಲು ಬಂದರು’ ಎನ್ನಿ. ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಕೌಂಟರಿನ ತುದಿಯ ಸ್ಟೂಲು ಖಾಲಿಯಿದ್ದರೂ ಕೇಳಿಯೇ ಕೂರಿ. ದಿನಾ ಅದೇ ಹೊತ್ತಿಗೆ ಬರುವ ಒಬ್ಬರಿಗೆ ಅದು ಮೀಸಲಾಗಿರಬಹುದು. ಅರ್ಧ ಉಳಿದ ಗ್ಲಾಸಿನ ಮೇಲೆ ಬೀರ್‌ಮ್ಯಾಟ್ (ಗ್ಲಾಸಿನ ಕೆಳಗಿಡುವ ರಟ್ಟಿನ ಬಿಲ್ಲೆ) ಮುಚ್ಚಿದ್ದರೆ ಆ ಜಾಗದವರು ಸಿಗರೇಟಿಗೆಂದು ಹೊರಗೆ ಹೋಗಿದ್ದಾರೆ ಎಂದರ್ಥ. 2006ರ ಮಾರ್ಚ್ 26ರಿಂದ ಒಳಗೆ ಸೇದುವಂತಿಲ್ಲ.

ಹಳೆಯ ಗಿರಾಕಿಗಳ ಕೈಯಲ್ಲಿ ‘ಹಾಫ್ ಅಂಡ್ ಎ ಹಾಫ್’ ನೋಡುತ್ತೀರಿ: ಅರ್ಧ ಪೈಂಟ್, ಅಂದರೆ 284 ಮಿಲಿ ಬೀರು, ಜೊತೆಗೊಂದು ಸಣ್ಣ ವಿಸ್ಕಿ. ವಿಸ್ಕಿಯ ಅಳತೆ 25 ಅಥವಾ 35 ಮಿಲಿ. ಯಾವುದೆಂದು ಪಬ್ಬಿನಲ್ಲಿ ಫಲಕ ಹಾಕಿರುತ್ತಾರೆ, ಬೆಲೆ ಹೋಲಿಸುವಾಗ ಅದನ್ನು ನೋಡಿ. ನೀರಿನ ಜಗ್ ಕೌಂಟರಿನ ಮೇಲೇ ಇರುತ್ತದೆ. ಮೊದಲು ಹಾಗೇ ಒಂದು ಗುಟುಕು, ಆಮೇಲೆ ನಾಲ್ಕೈದು ಹನಿ ನೀರು. ಒಮ್ಮೆಗೇ ಸುರಿದರೆ ವಾಸನೆ, ರುಚಿ ಎರಡೂ ತೆಳುವಾಗುತ್ತವೆ.

ಹೊಸಬರು ಹೆಚ್ಚು ಎಡವುವುದು ರೌಂಡಿನಲ್ಲಿ. ಗುಂಪಿನಲ್ಲಿ ಒಬ್ಬೊಬ್ಬರೇ ಸರದಿಯಂತೆ ಎಲ್ಲರಿಗೂ ಕೊಡಿಸುತ್ತಾರೆ. ಒಂದು ಗ್ಲಾಸು ಒಪ್ಪಿಕೊಂಡಿರೋ, ನಿಮ್ಮ ಸರದಿಯೂ ಬಂತು. ನಾಲ್ವರಿದ್ದರೆ ನಾಲ್ಕು ಗ್ಲಾಸು. ಪೈಂಟಿಗೆ 568 ಮಿಲಿಯಂತೆ ಎರಡೂಕಾಲು ಲೀಟರ್ ದಾಟುತ್ತದೆ. ಅಷ್ಟು ಆಗದವರು ಅರ್ಧ ಪೈಂಟ್ ಅಥವಾ ತಂಪು ಪಾನೀಯ ಹೇಳಲಿ, ಇಲ್ಲವೇ ‘ನನ್ನದು ನಾನೇ ತಗೋತೀನಿ’ ಎಂದು ಶುರುವಿನಲ್ಲೇ ತಿಳಿಸಲಿ. ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮೂವರ ಲೆಕ್ಕದಲ್ಲಿ ಕುಡಿದು ತನ್ನ ಸರದಿಗೆ ಮುಂಚೆ ಎದ್ದು ಹೋಗುವುದನ್ನು ಮಾತ್ರ ಮರೆಯುವುದಿಲ್ಲ. ನಿಮ್ಮ ಸರದಿಯ ರೌಂಡು ತರಲು, ನಿಧಾನವಾಗಿ ಕುಡಿಯುವವರ ಗ್ಲಾಸಿನಲ್ಲಿ ಕಾಲು ಭಾಗ ಉಳಿದಾಗ ಎದ್ದರೆ ಸರಿ. ಅದರಲ್ಲಿ ಗಿನ್ನೆಸ್ ಎಂಬ ಕಪ್ಪು ಐರಿಷ್ ಬೀರು ಇದ್ದರೆ ಅದನ್ನೇ ಮೊದಲು ಹೇಳಿ: ಮುಕ್ಕಾಲು ತುಂಬಿಸಿ, ನೊರೆ ತಿಳಿಯಾದ ಮೇಲೆ ಉಳಿದದ್ದನ್ನು ಹಾಕಬೇಕು; ಕೊನೆಯಲ್ಲಿ ಹೇಳಿದರೆ ಹಿಂದಿನವರೆಲ್ಲ ಕಾಯಬೇಕು.

ಮಾತಿಗೆ ಹವಾಮಾನ ಸಾಕು, ಊರಿನ ಆಟ ಇನ್ನೂ ಒಳ್ಳೆಯದು. ಹಾವಿಕ್, ಕೆಲ್ಸೋ, ಮೆಲ್ರೋಸ್ ಕಡೆ ರಗ್ಬಿ. 1883ರಲ್ಲಿ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನರ ರಗ್ಬಿ, ಶುರುವಾದದ್ದೇ ಮೆಲ್ರೋಸಿನಲ್ಲಿ. ಕಿಂಗ್ಯೂಸಿ, ನ್ಯೂಟನ್‌ಮೋರ್‌ನಲ್ಲಿ ಶಿಂಟಿ, ಹಾಕಿಯಂಥ ಕೋಲು-ಚೆಂಡಿನ ಆಟ. ಗ್ಲಾಸ್ಗೋದ ಎದುರಾಳಿ ಫುಟ್‌ಬಾಲ್ ತಂಡಗಳಾದ ಸೆಲ್ಟಿಕ್, ರೇಂಜರ್ಸ್ ಪೈಕಿ ನಿಮ್ಮದು ಯಾವುದು ಎಂದು ಅಪರಿಚಿತರನ್ನು ಕೇಳಬೇಡಿ. ಅದರ ಬೆನ್ನಿಗೆ ಧರ್ಮ, ಮನೆತನದ ಹಳೆಯ ಗಾಯಗಳಿವೆ. ಡಾಮಿನೋ ಆಡುವವರ ಹಿಂದೆ ನಿಂತು ನೋಡಬಹುದು, ಬಾಯಿ ಬಿಡಬಾರದು. 28 ಬಿಲ್ಲೆಗಳನ್ನು ನಾಲ್ವರು ಏಳೇಳರಂತೆ ಹಂಚಿಕೊಂಡಾಗ, ಹೊಂದುವ ಬಿಲ್ಲೆಯಿಲ್ಲದೆ ಹಾಕಲಾಗದವರು ಮೇಜು ಕುಟ್ಟುತ್ತಾರೆ. ಆ ಸದ್ದಿನಿಂದಲೇ ಉಳಿದವರು ಅವರ ಕೈಯಲ್ಲಿ ಯಾವುದಿಲ್ಲ ಎಂದು ಲೆಕ್ಕ ಹಾಕುವುದು. ನಿಮ್ಮ ಒಂದು ಉದ್ಗಾರ ಆ ಲೆಕ್ಕವನ್ನೇ ಕೆಡಿಸುತ್ತದೆ.

25ಕ್ಕಿಂತ ಚಿಕ್ಕವರಂತೆ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಮಾರಾಟದ ಹೊತ್ತು ಮುಗಿದ ಮೇಲೆ ಗ್ಲಾಸು ಖಾಲಿ ಮಾಡಲು 15 ನಿಮಿಷ. ಕಾರು ತರಬೇಡಿ: 2014ರ ಡಿಸೆಂಬರಿನಿಂದ ಇಲ್ಲಿ ಗಾಡಿ ಓಡಿಸುವವರಿಗೆ ಮಿತಿ 100 ಮಿಲಿ ರಕ್ತಕ್ಕೆ 50 ಮಿಲಿಗ್ರಾಂ ಆಲ್ಕೋಹಾಲ್. ಒಂದೇ ಪೈಂಟ್ ಕೂಡ ಕೆಲವರನ್ನು ಅದರಾಚೆ ದಾಟಿಸಬಹುದು.