ಒಂದೇ ಬಣ್ಣವನ್ನು ಎರಡಾಗಿ ಕಾಣಿಸುವ ಚೌಕಗಳು: ಅಮೂರ್ತ ಚಿತ್ರವೊಂದನ್ನು ರಚಿಸುವ ಬಗೆ

ಅಮೂರ್ತ ಚಿತ್ರವನ್ನು ಮೊದಲ ಬಾರಿಗೆ ಬರೆಯಹೊರಟವರು ಹೊಸ ಹೊಸ ಆಕಾರಗಳನ್ನು ಹುಡುಕುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುತ್ತಾರೆ. ಬಣ್ಣವನ್ನು ಕಣ್ಣು ಹೇಗೆ ಗ್ರಹಿಸುತ್ತದೆ ಎಂಬುದನ್ನು ಅರಿಯುವ ಇಚ್ಛೆಯಿದ್ದರೆ ಇದಕ್ಕೆ ವಿರುದ್ಧವಾದ ದಾರಿಯೇ ಮೇಲು: ಆಕಾರವನ್ನು ಮೊದಲೇ ಗೊತ್ತುಮಾಡಿಕೊಂಡು, ಅದನ್ನು ಕದಲಿಸದೆ, ಬಣ್ಣಗಳನ್ನಷ್ಟೇ ಬದಲಿಸುತ್ತ ಹೋಗಬೇಕು. ಕಲಾವಿದ ಜೋಸೆಫ್ ಆಲ್ಬರ್ಸ್ 1950ರಿಂದ, 1976ರಲ್ಲಿ ತೀರಿಕೊಳ್ಳುವವರೆಗೂ, ಒಂದರೊಳಗೊಂದು ಕೂತ ಚೌಕಗಳನ್ನೇ ಸಾವಿರಕ್ಕೂ ಹೆಚ್ಚು ಬಾರಿ ಚಿತ್ರಿಸಿದ್ದು ಈ ಹಾದಿಯಲ್ಲಿಯೇ. ಅವರ ಅಳತೆಗಳನ್ನೇ ಇಲ್ಲಿ ಅನುಸರಿಸಬಹುದು.

30 ಸೆಂ.ಮೀ. ಉದ್ದಗಲದ ಹಾರ್ಡ್‌ಬೋರ್ಡಿಗೆ ಬಿಳಿಯ ಜೆಸ್ಸೊವನ್ನು (ಬಣ್ಣ ಚೆನ್ನಾಗಿ ಹಿಡಿಯಲೆಂದು ಮೊದಲು ಬಳಿಯುವ ಲೇಪ) ಎರಡು ಸಲ ಬಳಿದು ಒಣಗಿಸಿರಿ. ಅದರ ಮೇಲೆ ಪೆನ್ಸಿಲಿನಿಂದ ತೆಳುವಾಗಿ 24, 18 ಮತ್ತು 12 ಸೆಂ.ಮೀ. ಅಳತೆಯ ಮೂರು ಚೌಕಗಳನ್ನು ಎಳೆಯಬೇಕು. ಪ್ರತಿ ಚೌಕಕ್ಕೂ ಅದರ ಹೊರಗಿನ ಚೌಕಕ್ಕೂ (ದೊಡ್ಡ ಚೌಕಕ್ಕಾದರೆ ಹಲಗೆಯ ಅಂಚಿಗೂ) ನಡುವೆ ಕೆಳಗೆ 1.5, ಎಡಬಲಗಳಲ್ಲಿ 3 ಹಾಗೂ ಮೇಲೆ 4.5 ಸೆಂ.ಮೀ. ಅಂತರವಿರಲಿ. ಚೌಕಗಳನ್ನು ನಟ್ಟನಡುವೆ ಕೂರಿಸಿದರೆ ಚಿತ್ರ ಚಲನೆಯಿಲ್ಲದೆ ನಿಂತುಬಿಡುತ್ತದೆ. ಹೀಗೆ ಕೆಳಕ್ಕೆ ಸರಿಸಿದಾಗ ಮಾತ್ರ ಅದು ಒಮ್ಮೆ ಒಳಕ್ಕೆ ಸಾಗುವ ಸುರಂಗದಂತೆಯೂ ಇನ್ನೊಮ್ಮೆ ಹೊರಕ್ಕೆ ಚಾಚಿದ ಮೆಟ್ಟಿಲಿನಂತೆಯೂ ತೋರತೊಡಗುತ್ತದೆ.

ಇನ್ನು ಬಣ್ಣದ ಆಯ್ಕೆ. ಇಡೀ ಕೆಲಸದ ತಿರುಳು ಇದರಲ್ಲಿರುವುದರಿಂದ ಹಲಗೆಯನ್ನು ಮುಟ್ಟುವ ಮೊದಲು ಕಾಗದದ ಮೇಲೆ ಧಾರಾಳವಾಗಿ ಪ್ರಯೋಗ ಮಾಡಿರಿ. ಒಂದು ಹಾಳೆಗೆ ಕಡುನೀಲಿ, ಮತ್ತೊಂದಕ್ಕೆ ತಿಳಿಹಳದಿ ಬಳಿದು, ಒಂದೇ ಬಟ್ಟಲಿನ ನಡುಮಟ್ಟದ ಬೂದುಬಣ್ಣದಿಂದ ಮಾಡಿದ ಎರಡು ಚಿಕ್ಕ ತುಂಡುಗಳನ್ನು ಹಾಳೆಗೊಂದರಂತೆ ಅವುಗಳ ಮೇಲೆ ನಡುಮಧ್ಯದಲ್ಲಿ ಇಡಿರಿ. ಕಡುನೀಲಿಯ ಮೇಲಿನ ಬೂದು ಹೆಚ್ಚು ತಿಳಿಯಾಗಿ, ತುಸು ಹಳದಿಗೆ ವಾಲಿದಂತೆಯೂ, ಹಳದಿಯ ಮೇಲಿನದು ಗಾಢವಾಗಿ, ತುಸು ನೀಲಿಗೆ ವಾಲಿದಂತೆಯೂ ಕಾಣುತ್ತದೆ. ಪ್ಯಾರಿಸ್ಸಿನ ಗೊಬೆಲಿನ್ಸ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನವಿಜ್ಞಾನಿ ಮಿಷೆಲ್ ಷೆವ್ರುಲ್ ಎದುರಿಸಿದ್ದೂ ಇದೇ ಒಗಟನ್ನು. ಕಪ್ಪು ನೂಲು ಕಳೆಗುಂದಿದೆಯೆಂಬ ದೂರನ್ನು ಪರಿಶೀಲಿಸಿದ ಅವರು, ತಪ್ಪು ಬಣ್ಣದ್ದಲ್ಲ, ಪಕ್ಕದಲ್ಲಿ ನೇಯ್ದ ಬೇರೆ ಬಣ್ಣಗಳ ಪ್ರಭಾವದ್ದು ಎಂದು ಕಂಡುಕೊಂಡು, ನೆರೆಬಣ್ಣಗಳು ಪರಸ್ಪರ ಭೇದವನ್ನು ಹಿಗ್ಗಿಸುತ್ತವೆಂಬ ನಿಯಮವನ್ನು 1839ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು.

ಮೂರು ಚೌಕಗಳಿಗೂ ಅವುಗಳ ಹೊರಗೆ ಉಳಿಯುವ ಪಟ್ಟಿಗೂ ಆಯ್ದ ನಾಲ್ಕು ಬಣ್ಣಗಳ ತುಂಡುಗಳನ್ನು ಒತ್ತಾಗಿ ಜೋಡಿಸಿ, ಕಣ್ಣನ್ನು ಅರೆ ಮುಚ್ಚಿ ನೋಡಿರಿ. ಎರಡು ಬಣ್ಣಗಳ ನಡುವಿನ ಅಂಚು ಕರಗಿಹೋದರೆ ಅವುಗಳ ತಿಳಿ–ಗಾಢದ ಮಟ್ಟ ಹೆಚ್ಚುಕಡಿಮೆ ಒಂದೇ ಎಂದು ಅರ್ಥ. ಕೆಂಪು ಮತ್ತು ಹಸಿರಿನಂತಹ ಎದುರುಬಣ್ಣಗಳು ಹೀಗೆ ಸಮಮಟ್ಟದಲ್ಲಿ ಸೇರಿದಾಗ ಅಂಚು ಕಂಪಿಸುವಂತೆ ತೋರುತ್ತದೆ; ಹತ್ತಿರದ ಬಣ್ಣಗಳಾದರೆ ಅಂಚು ಮಂಜಾಗುತ್ತದೆ. ಆರಂಭಿಕರು ಕೆಂಪೋ ನೀಲಿಯೋ ಎಂದು ಚಿಂತಿಸುವಷ್ಟು ಈ ಮಟ್ಟದ ಬಗ್ಗೆ ಚಿಂತಿಸುವುದಿಲ್ಲ. ಚಿತ್ರ ಸಪ್ಪೆಯಾಗುವುದು ಬಹುಮಟ್ಟಿಗೆ ಇಲ್ಲಿಯೇ. ಕಂಪನ ಬೇಕೆನಿಸಿದರೆ ಒಂದು ಅಂಚಿಗೆ ಸಾಕು, ಎಲ್ಲ ಅಂಚುಗಳೂ ಕಂಪಿಸಿದರೆ ನೋಟ ಎಲ್ಲಿಯೂ ನಿಲ್ಲುವುದಿಲ್ಲ.

ಬಳಿಯುವ ಕೆಲಸ ಇದಕ್ಕಿಂತ ಸರಳ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ತುಸು ಗಾಢವಾಗುವುದರಿಂದ ಹಸಿ ಬಣ್ಣವನ್ನು ನಂಬದೆ, ಒಣಗಿದ ತುಂಡನ್ನು ನೋಡಿಯೇ ತೀರ್ಮಾನಿಸಬೇಕು. ಕಲಸಿದ ಬಣ್ಣ ನಡುವೆ ಮುಗಿದರೆ ಅದೇ ಛಾಯೆಯನ್ನು ಮತ್ತೆ ತರುವುದು ಕಷ್ಟ. ಆದ್ದರಿಂದ ಒಂದೇ ಸಲಕ್ಕೆ ಸಾಕಷ್ಟು ಕಲಸಿಟ್ಟುಕೊಳ್ಳಿರಿ. ನಡುವಿನ ಚೌಕದಿಂದ ಹೊರಕ್ಕೆ ಬರುತ್ತ, ಒಂದು ಪಟ್ಟಿ ಪೂರ್ತಿ ಒಣಗಿದ ಬಳಿಕ ಅದರ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ಮುಂದಿನದನ್ನು ಬಳಿಯಬೇಕು. ಟೇಪಿನ ಅಡಿಗೆ ಬಣ್ಣ ನುಸುಳದಂತೆ, ಟೇಪಿನ ಕೆಳಗಿರುವ ಬಣ್ಣವನ್ನೇ ಮೊದಲು ಅಂಚಿಗೆ ತೆಳುವಾಗಿ ಸವರಿ ಒಣಗಿಸಿ, ಅನಂತರ ಹೊಸ ಬಣ್ಣ ಹಚ್ಚುವುದು ಒಳ್ಳೆಯ ಉಪಾಯ. ಬಣ್ಣ ಇನ್ನೂ ಹಸಿಯಿರುವಾಗಲೇ ಟೇಪನ್ನು ಓರೆಯಾಗಿ ಎಳೆದು ತೆಗೆಯಿರಿ.

ಬಣ್ಣ ಕಲಸುವಾಗ ಕಣ್ಣಿಗೂ ಬಿಡುವು ಬೇಕು. ಕೆಂಪನ್ನೇ ಅರ್ಧ ನಿಮಿಷ ದಿಟ್ಟಿಸಿ ಬಿಳಿಗೋಡೆಯತ್ತ ತಿರುಗಿದರೆ ಹಸಿರುನೀಲಿ ಛಾಯೆಯೊಂದು ತೇಲುತ್ತದೆ. ಕೆಂಪನ್ನು ಗ್ರಹಿಸುವ ಕಣ್ಣಿನ ವ್ಯವಸ್ಥೆ ದಣಿದಿರುವುದೇ ಇದಕ್ಕೆ ಕಾರಣ. ದಣಿದ ಕಣ್ಣಿನಿಂದ ಅಳೆದ ಪಕ್ಕದ ಬಣ್ಣವೂ ಹಾದಿ ತಪ್ಪುತ್ತದೆ. ಆಗಾಗ ಬೂದು ಹಾಳೆಯನ್ನು ನೋಡುವುದು ಇದಕ್ಕೆ ಪರಿಹಾರ.

ಮುಗಿದ ಚಿತ್ರವನ್ನು ಹಗಲಿನಲ್ಲಿಯೂ ಹಳದಿ ದೀಪದಡಿಯಲ್ಲಿಯೂ ಮುಸ್ಸಂಜೆಯಲ್ಲಿಯೂ ನೋಡಿರಿ. ಬೆಳಕು ಕುಗ್ಗಿದಂತೆ ಕೆಂಪು ಬೇಗನೆ ಕಪ್ಪಾಗಿ, ನೀಲಿ ಹೋಲಿಕೆಯಲ್ಲಿ ಹೊಳಪು ಉಳಿಸಿಕೊಳ್ಳುವುದರಿಂದ, ಹಗಲಲ್ಲಿ ಮುಂದೆ ಬಂದಿದ್ದ ಚೌಕ ಸಂಜೆ ಹಿಂದೆ ಸರಿದಿರಬಹುದು. ಬಳಿಕ ಇದೇ ಅಳತೆಯ ಎರಡನೆಯ ಹಲಗೆಯಲ್ಲಿ ಮೂರು ಬಣ್ಣಗಳನ್ನು ಹಾಗೆಯೇ ಉಳಿಸಿ, ನಡುವಿನ ಚೌಕವನ್ನು ಸುತ್ತುವರಿದ ಪಟ್ಟಿಯನ್ನು ಮಾತ್ರ ಬದಲಿಸಿ, ಎರಡನ್ನೂ ಅಕ್ಕಪಕ್ಕದಲ್ಲಿ ತೂಗುಹಾಕಿರಿ. ನಡುವಿನ ಚೌಕಗಳು ಬೇರೆಬೇರೆ ಬಣ್ಣದವೆಂದು ನೋಡುಗರು ವಾದಿಸಿದರೆ, ಕಲಸಿದ ಬಣ್ಣದ ಒಣ ತುಂಡನ್ನು ಎರಡರ ಮೇಲೂ ಇಟ್ಟು ತೋರಿಸಬಹುದು. ಆದ್ದರಿಂದ ಆ ತುಂಡನ್ನು ಎಸೆಯದೆ ಹಲಗೆಯ ಹಿಂಬದಿಗೆ ಅಂಟಿಸಿಡಿರಿ.